ದೇವದರ್ಶನದ ಗುಡಾರದಿಂದ ಮನೆಯ ಕಿಟಕಿಯವರೆಗೆ: ತೆರೆಯ ಹೊಲಿಗೆ ಮತ್ತು ಅದರ ಮಜೂರಿ

ಧರ್ಮಕೇಂದ್ರವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಗೋಪುರದ ಎತ್ತರ, ಗಂಟೆಯ ತೂಕ, ಬಲಿಪೀಠದ ಶಿಲ್ಪ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಮುಂತಾದವುಗಳ ಪ್ರಸ್ತಾಪ ಬರುವುದು ಸಂಪ್ರದಾಯ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಯಥೋಚಿತವಾಗಿ ಬಂದಿವೆ. ಆದರೆ ಕಲ್ಲು ಗಾರೆಗಳಿಗೆ ಇರುವ ಚರಿತ್ರೆ ಬಟ್ಟೆಗೆ ಇರುವುದಿಲ್ಲ. ಕಲ್ಲು ನೂರು ವರ್ಷ ನಿಲ್ಲುತ್ತದೆ. ಕಿಟಕಿಯ ಪರದೆಯಾದರೋ ಕೆಲವೇ ವರ್ಷಗಳಲ್ಲಿ ಬಿಸಿಲಿಗೆ ಮಾಸಿ, ಒಗೆತಕ್ಕೆ ಸವೆದು, ಕಡೆಗೆ ನೆಲ ಒರೆಸುವ ಅರಿವೆಯಾಗಿ ಮುಗಿದುಹೋಗುತ್ತದೆ. ಅದನ್ನು ಅಳೆದು, ಕತ್ತರಿಸಿ, ಹೊಲಿದು, ತೂಗುಹಾಕಿದವರ ಹೆಸರು ಯಾವ ದಫ್ತರದಲ್ಲಿಯೂ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಆದುದರಿಂದ ಈ ಲೇಖನದಲ್ಲಿ ತೆರೆಯ ಹೊಲಿಗೆಯ ಚರಿತ್ರೆಯನ್ನೂ, ಅದಕ್ಕೆ ಸಲ್ಲಬೇಕಾದ ಮಜೂರಿಯ ಚರಿತ್ರೆಯನ್ನೂ ಜೊತೆಯಾಗಿ ಹೇಳಲು ಯತ್ನಿಸುತ್ತೇನೆ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ವಿಷಯ.

ಪವಿತ್ರ ಗ್ರಂಥದಲ್ಲಿ ಹೊಲಿಗೆಯ ಅತ್ಯಂತ ವಿವರವಾದ ಲೆಕ್ಕ ದೊರೆಯುವುದು ವಿಮೋಚನಕಾಂಡದ 26ನೆಯ ಅಧ್ಯಾಯದಲ್ಲಿ. ದೇವದರ್ಶನದ ಗುಡಾರಕ್ಕೆ ನಾರುಬಟ್ಟೆಯ ಹತ್ತು ಪರದೆಗಳು. ಒಂದೊಂದರ ಉದ್ದ 28 ಮೊಳ, ಅಗಲ 4 ಮೊಳ. ಐದೈದನ್ನು ಒಂದಾಗಿ ಜೋಡಿಸಿ, ಅಂಚಿಗೆ 50 ಕುಣಿಕೆಗಳನ್ನು ಇಟ್ಟು, 50 ಚಿನ್ನದ ಕೊಂಡಿಗಳಿಂದ ಕೂಡಿಸಬೇಕು. ಇದರ ಮೇಲೆ ಆಡುಕೂದಲಿನ ಹೊದಿಕೆ. ಅದಕ್ಕೆ ಹನ್ನೊಂದು ಪರದೆಗಳು, ಉದ್ದ 30 ಮೊಳ. ಸೆಮಿನರಿಯಲ್ಲಿ ಈ ಅಧ್ಯಾಯವನ್ನು ಓದುವಾಗ ವಿದ್ಯಾರ್ಥಿಗಳಿಗೆ ತೂಕಡಿಕೆ ಬರುವುದುಂಟು. ಆದರೆ ಹೊಲಿಗೆ ಬಲ್ಲ ತಾಯಿಯೊಬ್ಬಳು ಇದನ್ನು ಓದಿದರೆ ಕೂಡಲೇ ಎಚ್ಚೆತ್ತುಕೊಳ್ಳುವಳು. ಒಳಗಿನದು 28, ಹೊರಗಿನದು 30. ಎರಡು ಮೊಳದ ವ್ಯತ್ಯಾಸವೇಕೆ? ಎರಡು ಪಕ್ಕಗಳಲ್ಲಿಯೂ ಒಂದೊಂದು ಮೊಳ ಇಳಿಬಿದ್ದು ಒಳಗಿನದನ್ನು ಮುಚ್ಚಬೇಕು ಎಂದು ಗ್ರಂಥವೇ ಉತ್ತರವಿತ್ತಿದೆ. ಹೆಚ್ಚುವರಿ ಪರದೆಯನ್ನು ಗುಡಾರದ ಮುಂಭಾಗದಲ್ಲಿ ಮಡಿಸಬೇಕು ಎಂಬ ಸೂಚನೆಯೂ ಅಲ್ಲಿದೆ. ಇಂದಿಗೂ ಪರದೆ ಹೊಲಿಯುವವರು ಮೊದಲು ಕಲಿಯುವ ಪಾಠ ಇದೇ ಆಗಿದೆ: ಕಾಣುವ ಅಳತೆ ಬೇರೆ, ಕತ್ತರಿಸುವ ಅಳತೆ ಬೇರೆ. ಈ ಕಾರ್ಯದ ಮುಖ್ಯಸ್ಥರಾಗಿದ್ದ ಬೆಸಲೇಲ ಮತ್ತು ಒಹೊಲೀಯಾಬರ ಹೆಸರುಗಳು ಉಳಿದಿವೆ. ನೂಲು ತೆಗೆದ ಸ್ತ್ರೀಯರ ಉಲ್ಲೇಖ 35ನೆಯ ಅಧ್ಯಾಯದಲ್ಲಿದೆಯಾದರೂ ಅವರ ಹೆಸರುಗಳು ಇಲ್ಲ.

ಅಂದು ಆ ಕೆಲಸ ಸ್ವಇಚ್ಛೆಯ ಕಾಣಿಕೆಯಾಗಿತ್ತು ಎಂಬುದನ್ನು ಮರೆಯಬಾರದು. ಜನರು ತಂದದ್ದು ಅಗತ್ಯಕ್ಕಿಂತ ಹೆಚ್ಚಾಗಿ, ಇನ್ನು ತರಬೇಡಿರೆಂದು ಮೋಶೆ ಸಾರಿಸಬೇಕಾಯಿತು. ಅದೇ ಪವಿತ್ರ ಗ್ರಂಥದಲ್ಲಿ, ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿಯೂ, ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದು, ಹೊತ್ತು ಮುಳುಗುವ ಮುನ್ನವೇ ಕೊಡಬೇಕು ಎಂಬ ಕಟ್ಟಳೆಯಿದೆ. ಕಾಣಿಕೆಯೂ ಕೂಲಿಯೂ ಒಂದೇ ಗ್ರಂಥದಲ್ಲಿ, ಆದರೆ ಬೇರೆ ಬೇರೆ ಕಟ್ಟಳೆಗಳ ಅಡಿಯಲ್ಲಿ ನಿಂತಿವೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ವಿನಂತಿ. ಮುಂದೆ ಇದರ ಅಗತ್ಯ ಬೀಳುತ್ತದೆ.

ಹೊಸ ಒಡಂಬಡಿಕೆಯಲ್ಲಿಯೂ ಈ ಎರಡು ಮಾರ್ಗಗಳು ಕಾಣುತ್ತವೆ. ಯೊಪ್ಪದ ತಬಿಥಾ ವಿಧವೆಯರಿಗೆ ಅಂಗಿ ಮೇಲಂಗಿಗಳನ್ನು ಹೊಲಿದುಕೊಟ್ಟಳು. ಅವಳು ತೀರಿಕೊಂಡಾಗ ಆ ವಿಧವೆಯರು ಅತ್ತು, ಅವಳು ಮಾಡಿಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿದರು. ಅದು ದಾನ. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಗಳು ಗುಡಾರ ಮಾಡುವ ಕಸುಬಿನವರು. ಪೌಲನೂ ಅದೇ ಕಸುಬಿನವನಾದುದರಿಂದ ಅವರೊಡನಿದ್ದು ದುಡಿದನು. ಅದು ಜೀವನೋಪಾಯ. ಈ ದಂಪತಿಗಳ ಮನೆಯಲ್ಲಿಯೇ ಕ್ರೈಸ್ತಸಭೆ ಕೂಡುತ್ತಿತ್ತೆಂಬುದನ್ನು ಪೌಲನ ಪತ್ರಗಳಿಂದ ತಿಳಿಯುತ್ತೇವೆ. ಪೌಲನು ಯಾರಿಗೂ ಭಾರವಾಗದಂತೆ ಸ್ವಂತ ಕೈಗಳಿಂದ ದುಡಿದೆನೆಂದು ಹೇಳಿಕೊಳ್ಳುವಾಗ, ಆ ದುಡಿಮೆಗೆ ಗಿರಾಕಿಗಳು ಬೆಲೆ ಕೊಟ್ಟಿದ್ದರೆಂಬುದು ತಾನಾಗಿಯೇ ಸಿದ್ಧವಾಗುತ್ತದೆ.

ಮುಂದೆ ದೇವಾಲಯಗಳಲ್ಲಿ ತೆರೆಗೆ ದೊಡ್ಡ ಸ್ಥಾನ ಬಂದಿತು. ರೋಮ್ ನಗರದ ಪುರಾತನ ಮಹಾದೇವಾಲಯಗಳಲ್ಲಿ ಬಲಿಪೀಠದ ಮೇಲೆ ನಾಲ್ಕು ಕಂಬಗಳ ಮಂಟಪವಿದ್ದು, ಕಂಬಗಳ ನಡುವೆ ತೆರೆಗಳು ತೂಗುತ್ತಿದ್ದವು. ಪೋಪರ ಪುರಾತನ ಚರಿತಾವಳಿಯಲ್ಲಿ, ವಿಶೇಷವಾಗಿ 8 ಮತ್ತು 9ನೆಯ ಶತಮಾನದ ಭಾಗಗಳಲ್ಲಿ, ಯಾವ ದೇವಾಲಯಕ್ಕೆ ಯಾವ ಬಗೆಯ ತೆರೆಗಳನ್ನು ದಾನವಾಗಿ ಕೊಡಲಾಯಿತೆಂಬ ಪಟ್ಟಿಗಳು ಪುಟಗಟ್ಟಲೆ ಇವೆ. ಟ್ರೆಂಟ್ ಮಹಾಸಭೆಯ ನಂತರ ಮಿಲಾನಿನ ಸಂತ ಚಾರ್ಲ್ಸ್ ಬೊರೊಮಿಯೊರವರು 1577ರಲ್ಲಿ ದೇವಾಲಯದ ಕಟ್ಟಡ ಹಾಗೂ ಉಪಕರಣಗಳ ಕುರಿತು ಹೊರಡಿಸಿದ ನಿರ್ದೇಶನ ಗ್ರಂಥದಲ್ಲಿ ಪಾಪನಿವೇದನಾ ಪೀಠದ ಜಾಲರಿಯಿಂದ ಹಿಡಿದು ಪೂಜಾವಸ್ತ್ರಗಳ ಅಳತೆಯವರೆಗೆ ಎಲ್ಲವನ್ನೂ ವಿಧಿಸಿದರು. ಪ್ರಸಾದ ಮಂಜೂಷದ ಹೊದಿಕೆ, ಬಲಿಪೀಠದ ಹಾಸು, ತಪಸ್ಸುಕಾಲದ ಕೊನೆಯಲ್ಲಿ ಸ್ವರೂಪಗಳಿಗೆ ಮುಚ್ಚುವ ನೇರಳೆ ಬಟ್ಟೆ, ಇವೆಲ್ಲ ನಮ್ಮ ಹಿರಿಯರಿಗೆ ಪರಿಚಿತವಾದುವು. 1963ರ ಡಿಸೆಂಬರ್ 4ರಂದು ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಶಾಸನವು ಆಡಂಬರಕ್ಕಿಂತ ಘನವಾದ ಸರಳತೆಯನ್ನು ಎತ್ತಿಹಿಡಿದ ಮೇಲೆ ಇವುಗಳಲ್ಲಿ ಕೆಲವು ಕಡಿಮೆಯಾದವು. ಕಡಿಮೆಯಾದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ, ಒಪ್ಪದವರೂ ನಮ್ಮಲ್ಲಿದ್ದಾರೆ.

ದರ್ಜಿಗಳ ಪಾಲಕ ಸಂತನಾದ ಕ್ರೆಮೋನದ ಹೊಮೊಬೊನುಸನು ಬಟ್ಟೆಯ ವ್ಯಾಪಾರಿಯೂ ದರ್ಜಿಯೂ ಆಗಿದ್ದ ಗೃಹಸ್ಥ. 1197ರ ನವೆಂಬರ್ 13ರಂದು ಪೂಜೆಯ ಸಮಯದಲ್ಲಿಯೇ ದೇವರಡಿ ಸೇರಿದನು. ಮೂರನೆಯ ಇನೊಸೆಂಟ್ ಪೋಪರು 1199ರಲ್ಲಿ ಅವನನ್ನು ಸಂತಪದವಿಗೇರಿಸಿದರು. ಅದೇ 12ನೆಯ ಶತಮಾನದಲ್ಲಿ ನಮ್ಮ ಕನ್ನಡ ನಾಡಿನ ಶಿವಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನೆಂಬುದು ಗಮನಾರ್ಹ. ಶರಣರ ದೃಷ್ಟಿಯಲ್ಲಿ ಕಾಯಕಕ್ಕೆ ಮೇಲು ಕೀಳುಗಳಿಲ್ಲ. ಸಾವಿರಾರು ಮೈಲಿಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದೆ, ಎರಡು ಧರ್ಮಗಳು ಸೂಜಿ ಹಿಡಿದವನನ್ನು ಗೌರವಿಸಿದ ಕಾಲವದು.

ಗೌರವ ಬೇರೆ, ಬೆಲೆ ಬೇರೆ. ಬೆಲೆಯ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಚರ್ಚಿಸಿದವರು ಸಂತ ತೋಮಾಸ್ ಅಕ್ವಿನಾಸರು (1225-1274). 'ಸುಮ್ಮಾ ಥಿಯೊಲಾಜಿಯೆ' ಗ್ರಂಥದ ದ್ವಿತೀಯ ಭಾಗದ ಉತ್ತರಾರ್ಧದಲ್ಲಿ 77ನೆಯ ಪ್ರಶ್ನೆಯೇ ಕ್ರಯವಿಕ್ರಯದ ವಂಚನೆಯನ್ನು ಕುರಿತದ್ದು. ಅವರ ವಾದದ ಸಾರ ಹೀಗಿದೆ: ಒಂದು ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಗೆ ಸೇರಿಸಬಹುದು, ಆದರೆ ಕೊಳ್ಳುವವನ ಅಗತ್ಯ ದೊಡ್ಡದೆಂಬ ಒಂದೇ ಕಾರಣಕ್ಕೆ ಬೆಲೆಯನ್ನು ಏರಿಸಕೂಡದು, ಏಕೆಂದರೆ ಆ ಅಗತ್ಯ ಮಾರುವವನ ಸೊತ್ತಲ್ಲ. ಇದನ್ನು ನಮ್ಮ ಬೀದಿಗೆ ತಂದು ನೋಡೋಣ. ಭಾನುವಾರ ಗೃಹಪ್ರವೇಶವಿರುವ ಮನೆಯವರು ಗುರುವಾರ ಬಂದು ಎಲ್ಲ ಕಿಟಕಿಗಳಿಗೂ ಪರದೆ ಬೇಕೆನ್ನುತ್ತಾರೆ. ಅವರ ಅವಸರವನ್ನೇ ಕಂಡು ಇಮ್ಮಡಿ ಕೇಳುವುದು ನ್ಯಾಯವಲ್ಲ. ಆದರೆ ಆ ಕೆಲಸಕ್ಕಾಗಿ ಹೊಲಿಯುವವಳು ಬೇರೆಯವರ ಕೆಲಸವನ್ನು ಬದಿಗಿಟ್ಟು, ಎರಡು ರಾತ್ರಿ ನಿದ್ದೆಗೆಟ್ಟರೆ, ಅದು ಅವಳ ನಷ್ಟ. ಅದಕ್ಕೆ ಬೆಲೆ ಕೇಳುವುದು ನ್ಯಾಯವೇ ಸರಿ. ಈ ತತ್ವವನ್ನು ತಿರುಗಿಸಿಯೂ ಓದಬೇಕು. ಹೊಲಿಯುವವಳ ಮನೆಯಲ್ಲಿ ಈ ತಿಂಗಳು ಮಕ್ಕಳ ಶಾಲಾಶುಲ್ಕ ಬಾಕಿಯಿದೆಯೆಂದು ತಿಳಿದು, ಅದರ ಬಲದಿಂದ ಅರ್ಧ ಬೆಲೆಗೆ ಒಪ್ಪಿಸುವುದು ಅವಳ ಅಗತ್ಯವನ್ನು ಮಾರಾಟದ ಸರಕಾಗಿಸಿಕೊಂಡಂತೆಯೇ.

ಇನ್ನು ಕಿಟಕಿಯ ಪರದೆಯ ಕಥೆ. ಇದು ನಾವೆಣಿಸುವಷ್ಟು ಹಳೆಯದಲ್ಲ. ಯೂರೋಪಿನ ಮನೆಗಳಲ್ಲಿ ಬಹುಕಾಲ ತೆರೆಗಳು ಮಂಚಕ್ಕೂ ಬಾಗಿಲಿಗೂ ಮೀಸಲಾಗಿದ್ದವು. ಕಿಟಕಿಗೆ ಮರದ ಬಾಗಿಲುಗಳೇ ಸಾಕಾಗಿದ್ದವು. ಕಿಟಕಿಗೆ ಎರಡು ಪಕ್ಕಕ್ಕೆ ಸರಿಯುವ ಜೋಡಿ ಪರದೆಯ ರೂಢಿ ಸಿರಿವಂತರ ಮನೆಗಳಲ್ಲಿ ತಲೆದೋರಿದ್ದು 17ನೆಯ ಶತಮಾನದ ಉತ್ತರಾರ್ಧದಲ್ಲಿ. ಸಾಮಾನ್ಯರ ಮನೆಗೆ ಪರದೆ ಇಳಿದದ್ದು ಯಂತ್ರದಿಂದ ಬಟ್ಟೆ ಅಗ್ಗವಾದ ಮೇಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ 1846ರಲ್ಲಿ ಜಾನ್ ಲಿವ್ಸಿ ಎಂಬಾತ ಲೇಸಿನ ಪರದೆ ನೇಯುವ ಯಂತ್ರವನ್ನು ರೂಪಿಸಿದನು. ಅದೇ ವರ್ಷ ಅಮೆರಿಕದಲ್ಲಿ ಇಲಾಯಸ್ ಹೌ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದಕ್ಕೂ ಮುನ್ನ 1830ರಲ್ಲಿಯೇ ಫ್ರಾನ್ಸಿನ ಬಡ ದರ್ಜಿ ಬಾರ್ತೆಲೆಮಿ ತಿಮೊನಿಯೆ ಒಂದು ಯಂತ್ರವನ್ನು ಮಾಡಿದ್ದನು. ಪ್ಯಾರಿಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ಅವನ ಯಂತ್ರಗಳನ್ನು, ಹೊಟ್ಟೆಯ ಮೇಲೆ ಹೊಡೆತ ಬೀಳುವುದೆಂದು ಹೆದರಿದ ದರ್ಜಿಗಳು 1831ರಲ್ಲಿ ನುಗ್ಗಿ ಪುಡಿಮಾಡಿದರು. ಐಸಾಕ್ ಸಿಂಗರನ ಪೇಟೆಂಟ್ 1851ರದು. 1856ರ ಸುಮಾರಿಗೆ ಅವನ ಕಂಪನಿ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿಯನ್ನು ತಂದು, ಅದುವರೆಗೆ ಕಾರ್ಖಾನೆಯದಾಗಿದ್ದ ಯಂತ್ರವನ್ನು ಬಡವರ ಮನೆಯ ಮೂಲೆಗೆ ತಂದಿಟ್ಟಿತು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಕಟುವಾಗಿದ್ದ ಗಾಂಧೀಜಿಯವರು ಕೂಡ 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದರು.

ಯಂತ್ರ ಬಂದರೂ ಕೂಲಿ ಏರಲಿಲ್ಲ. ಅನೇಕ ಕಡೆ ಇಳಿಯಿತು. ಯಂತ್ರಕ್ಕೂ ಮುನ್ನವೇ ಸ್ಥಿತಿ ದಾರುಣವಾಗಿತ್ತು. 1843ರಲ್ಲಿ ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಒಬ್ಬ ಬಡ ವಿಧವೆ, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೇ ಮಕ್ಕಳ ಹಸಿವಿಗಾಗಿ ಒತ್ತೆಯಿಟ್ಟು ನ್ಯಾಯಾಲಯಕ್ಕೆ ಬರಬೇಕಾಯಿತು. ಷರಾಯಿಯೊಂದನ್ನು ಹೊಲಿದರೆ ಅವಳಿಗೆ ದೊರೆಯುತ್ತಿದ್ದದ್ದು 7 ಪೆನ್ನಿ. ದಾರವೂ ಸೂಜಿಯೂ ಅವಳದೇ. ಇದನ್ನು ಓದಿದ ಥಾಮಸ್ ಹುಡ್ ಎಂಬ ಕವಿ ಅದೇ ವರ್ಷದ ಕ್ರಿಸ್ತಜಯಂತಿಯ ಹೊತ್ತಿಗೆ 'ಪಂಚ್' ಪತ್ರಿಕೆಯಲ್ಲಿ ಅಂಗಿ ಹೊಲಿಯುವವಳ ಹಾಡನ್ನು ಪ್ರಕಟಿಸಿ ದೇಶವನ್ನೆಲ್ಲ ಬೆಚ್ಚಿಬೀಳಿಸಿದನು. 1849ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಇಂಥ ಹೆಂಗಸರ ಮನೆಮನೆಗೆ ಹೋಗಿ ಅವರ ಲೆಕ್ಕಗಳನ್ನು ಬರೆದುಕೊಂಡನು. ಆ ವರದಿಗಳ ದೊಡ್ಡ ಗುಣವೆಂದರೆ, ಎಷ್ಟು ಬಂದಿತೆಂದು ಕೇಳುವುದರ ಜೊತೆಗೆ ದಾರಕ್ಕೆ, ಮೇಣದ ಬತ್ತಿಗೆ, ಕಲ್ಲಿದ್ದಲಿಗೆ ಎಷ್ಟು ಹೋಯಿತೆಂಬುದನ್ನೂ ಕೇಳಿದ್ದು. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿಯುತ್ತಿದ್ದ ಸಂಖ್ಯೆಯನ್ನು ಓದುವುದು ಇಂದಿಗೂ ಸುಲಭವಲ್ಲ.

ಈ ಹಿನ್ನೆಲೆಯಲ್ಲಿ 1891ರ ಮೇ 15ರಂದು ಹದಿಮೂರನೆಯ ಲಿಯೊ ಪೋಪರು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರವನ್ನು ಓದಬೇಕು. ಕೂಲಿಯವನು ಒಪ್ಪಿದ್ದಾನಲ್ಲ, ಇನ್ನೇನು ಎಂಬುದು ಅಂದಿನ ಅರ್ಥಶಾಸ್ತ್ರಜ್ಞರ ವಾದವಾಗಿತ್ತು. ಲಿಯೊರವರು ಅದನ್ನು ನಿರಾಕರಿಸಿದರು. ಒಪ್ಪಂದಕ್ಕಿಂತ ಮೇಲೆ ಸ್ವಾಭಾವಿಕ ನ್ಯಾಯವೊಂದಿದೆ; ಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಸಾಲದ ಕೂಲಿಗೆ ಅವನು ಗತ್ಯಂತರವಿಲ್ಲದೆ ಒಪ್ಪಿದರೆ ಅದು ಬಲಾತ್ಕಾರವೇ ಹೊರತು ಒಪ್ಪಿಗೆಯಲ್ಲವೆಂದು ಅವರು ಬೋಧಿಸಿದರು. ಕೂಲಿಯನ್ನು ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದೆಂದು ನಾವು ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಂಠಪಾಠ ಮಾಡಿದ್ದೇವೆ. ಅದರ ಮೂಲ ಸಂತ ಯಕೋಬನ ಪತ್ರದ 5ನೆಯ ಅಧ್ಯಾಯ.

ಬೋಧನೆ ಕಾನೂನಾಗಲು ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ 1909ರ ವೃತ್ತಿಮಂಡಲಿ ಕಾಯಿದೆಯು ಮೊದಲು ಆರಿಸಿಕೊಂಡ ನಾಲ್ಕು ಕಸುಬುಗಳಲ್ಲಿ ಸಿದ್ಧ ಉಡುಪಿನ ಹೊಲಿಗೆಯೂ ಯಂತ್ರದ ಲೇಸಿನ ಅಂಚು ತಿದ್ದುವ ಕೆಲಸವೂ ಸೇರಿದ್ದವು. ಫ್ರಾನ್ಸಿನಲ್ಲಿ ಕಥೋಲಿಕ ಮುಖಂಡ ಆಲ್ಬೆರ್ ದ ಮನ್ ಮುಂತಾದವರು ಬಹುಕಾಲ ಹೋರಾಡಿದ ಫಲವಾಗಿ, ಆತ ತೀರಿಕೊಂಡ ಮರುವರ್ಷ, 1915ರ ಜುಲೈ 10ರಂದು ಮನೆಯಲ್ಲಿ ಉಡುಪು ಹೊಲಿಯುವ ಸ್ತ್ರೀಯರಿಗೆ ಕನಿಷ್ಠ ಕೂಲಿಯ ಕಾನೂನಾಯಿತು. ಅದರ ಒಂದು ಸೂತ್ರ ನನಗೆ ಬಹಳ ಮೆಚ್ಚಿಕೆಯಾದದ್ದು. ಒಂದು ನಗಕ್ಕೆ ಇಷ್ಟೆಂದು ದರ ಕಟ್ಟಬಹುದು. ಆದರೆ ಸಾಧಾರಣ ಕೈಚಳಕದ ಹೆಂಗಸು ಇಷ್ಟು ತಾಸು ದುಡಿದರೆ ಒಂದು ದಿನದ ನ್ಯಾಯವಾದ ಕೂಲಿ ಕೈಗೆ ಬರುವಂತೆ ಆ ದರವಿರಬೇಕು. ಅಂದರೆ ಬೆಲೆ ಹುಟ್ಟುವುದು ತಾಸಿನಿಂದ. ಪಕ್ಕದ ಅಂಗಡಿಯವನು ಏನು ಕೇಳುತ್ತಾನೆಂಬುದರಿಂದಲ್ಲ.

ನಮ್ಮ ನಾಡಿಗೆ ಬರೋಣ. ಬೆಂಗಳೂರಿಗೆ 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬಂದರು. ಮಂಗಳೂರಿಗೆ 1870ರಲ್ಲಿ ಕಾರ್ಮೆಲ್ ಸಭೆಯ ಸೋದರಿಯರು ಬಂದರು. 1887ರಲ್ಲಿ ಅದೇ ಊರಿನಲ್ಲಿ ಯೇಸುಸಭೆಯ ಉರ್ಬನ್ ಸ್ಟೈನ್ ಸ್ವಾಮಿಗಳ ಮುಖಾಂತರ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ ಹುಟ್ಟಿತು. ಕನ್ಯಾಮಠಗಳ ಶಾಲೆಗಳಲ್ಲಿ ಅಕ್ಷರದೊಂದಿಗೆ ಹೊಲಿಗೆ ಕಸೂತಿಗಳೂ ಪಾಠವಾಗಿದ್ದವು. ಪ್ರಾಟೆಸ್ಟೆಂಟ್ ಸಹೋದರರ ಬಾಸೆಲ್ ಮಿಷನ್ 1850ರ ದಶಕದಿಂದ ಮಂಗಳೂರು ಕಣ್ಣೂರುಗಳಲ್ಲಿ ನೇಯ್ಗೆಯನ್ನು ಬೆಳೆಸಿತು. ಕಣ್ಣೂರಿನ ಕೈಮಗ್ಗದ ಪರದೆ ಬಟ್ಟೆ ಮುಂದೆ ಹೊರದೇಶಗಳಿಗೂ ಹೋಯಿತು. ನಮ್ಮ ತಾಯಂದಿರ ಕೈಯಲ್ಲಿರುವ ನೀಟಾದ ಅಂಚು ಹೊಲಿಗೆಯ ಹಿಂದೆ ಈ ಶಾಲೆಗಳ ಋಣ ಬಹಳವಿದೆ.

ಆದರೆ ಈ ಶಿಕ್ಷಣದಲ್ಲಿ ಒಂದು ಕೊರತೆಯಿತ್ತೆಂದು ಹೇಳದೆ ವಿಧಿಯಿಲ್ಲ. ಹೊಲಿಗೆಯನ್ನು ಕಲಿಸಿದರು, ಹೊಲಿಗೆಗೆ ಬೆಲೆ ಕಟ್ಟುವುದನ್ನು ಕಲಿಸಲಿಲ್ಲ. ಸೂಜಿ ಹಿಡಿಯುವುದು ಹೆಣ್ಣಿನ ಸದ್ಗುಣವೆಂದೂ ಬಿಡುವಿನ ಹೊತ್ತಿನ ಸದುಪಯೋಗವೆಂದೂ ಹೇಳುತ್ತಿದ್ದುದರಿಂದ, ಅದಕ್ಕೆ ಹಣ ಕೇಳುವುದು ಒಂದು ಬಗೆಯ ಅಸಭ್ಯತೆ ಎಂಬ ಭಾವನೆ ಬೆಳೆಯಿತು. ಇದರ ಪರಿಣಾಮವನ್ನು ಆಂಧ್ರದ ನರಸಾಪುರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ 19ನೆಯ ಶತಮಾನದ ಮಿಷನರಿಗಳು ಕಲಿಸಿದ ಲೇಸ್ ಹೆಣಿಗೆ ದೊಡ್ಡ ರಫ್ತು ವ್ಯಾಪಾರವಾಯಿತು. ಜರ್ಮನ್ ವಿದ್ವಾಂಸೆ ಮರಿಯಾ ಮೀಸ್ 1982ರಲ್ಲಿ ಆ ಹೆಂಗಸರನ್ನು ಕುರಿತು ಗ್ರಂಥ ಪ್ರಕಟಿಸಿ ತೋರಿಸಿದ್ದೇನೆಂದರೆ, ದಿನದ ಬಹುಭಾಗ ಲೇಸ್ ಹೆಣೆಯುತ್ತಿದ್ದ ಅವರನ್ನು ವ್ಯಾಪಾರಿಗಳೂ ಸರ್ಕಾರವೂ ಮನೆಯಲ್ಲಿ ಕುಳಿತ ಗೃಹಿಣಿಯರೆಂದೇ ಗಣಿಸಿದ್ದರು. ಆದುದರಿಂದಲೇ ಅವರ ಕೂಲಿ ಅಷ್ಟು ಕಡಿಮೆಯಾಗಿತ್ತು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟರು ಸ್ವಯಂ ಉದ್ಯೋಗಿ ಮಹಿಳೆಯರ ಸಂಘವನ್ನು ಕಟ್ಟಿದಾಗ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೇಕೆಂದು ಕಾರ್ಮಿಕ ಇಲಾಖೆಯೇ ಆಕ್ಷೇಪವೆತ್ತಿತ್ತು. ವಾಸ್ತವವಾಗಿ ಭಾರತದ 1948ರ ಕನಿಷ್ಠ ಕೂಲಿ ಕಾಯಿದೆಯ ವ್ಯಾಖ್ಯೆಯಲ್ಲಿ, ಬಟ್ಟೆ ಮುಂತಾದುವನ್ನು ಮನೆಗೆ ಒಯ್ದು ಸಿದ್ಧಪಡಿಸಿಕೊಡುವ ಹೊರಕೆಲಸಗಾರರಿಗೂ ಸ್ಥಾನವಿತ್ತು. ಆ ಕಾಯಿದೆಯ ಬದಲಿಗೆ 2019ರಲ್ಲಿ ವೇತನ ಸಂಹಿತೆ ರೂಪುಗೊಂಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1996ರಲ್ಲಿ ಮನೆಗೆಲಸದ ಉತ್ಪಾದಕರಿಗಾಗಿಯೇ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೆ ನೆರೆಮನೆಯ ಕಿಟಕಿಗೆ ಪರದೆ ಹೊಲಿಯುವವಳಿಗೆ ಮಾಲೀಕನೆಂಬುವನಿಲ್ಲ. ತನ್ನ ದರವನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಅಲ್ಲಿಯೇ ಅವಳ ನಾಲಿಗೆ ತಡೆಯುತ್ತದೆ.

ನಮ್ಮ ಧರ್ಮಕೇಂದ್ರದಲ್ಲಿ ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಸಂಸಾರ ಸಾಗಿಸುವ ತಾಯಂದಿರು ಕಡಿಮೆಯಿಲ್ಲ. ಅವರಲ್ಲಿ ಕೆಲವರಿಗೆ ಯಂತ್ರ ಬಂದದ್ದು ದಾನಿಗಳ ಕೃಪೆಯಿಂದ. ಈಚೆಗೆ ಹೊಸ ಮನೆಗಳು ಎದ್ದಂತೆಲ್ಲ ರವಿಕೆಗಿಂತ ಪರದೆಯ ಕೆಲಸವೇ ಹೆಚ್ಚಾಗಿದೆ. 'ಅಕ್ಕಾ, ನೇರ ಹೊಲಿಗೆ ತಾನೇ, ರವಿಕೆಯ ಹಾಗೆ ಕಟಿಂಗ್ ಏನಿದೆ?' ಎಂದು ಗಿರಾಕಿಗಳು ಅನ್ನುವುದುಂಟು. ಇದನ್ನು ಅನ್ನುವವರು ಬಹುಮಟ್ಟಿಗೆ ನಮ್ಮವರೇ, ಪೂಜೆಗೆ ಜೊತೆಯಲ್ಲಿ ಬರುವವರೇ. ಈ ಉತ್ಸವಕ್ಕಾಗಿ ದೇವಾಲಯದ ಕಿಟಕಿಗಳಿಗೆ ಹೊಸ ಪರದೆ ಹಾಕಿಸುವ ವಿಚಾರ ಪಾಲನಾ ಸಮಿತಿಯಲ್ಲಿ ಬಂದಾಗಲೂ, ಬಟ್ಟೆ ಕೊಳ್ಳೋಣ, ಹೊಲಿಗೆಯನ್ನು ಹೆಣ್ಣುಮಕ್ಕಳು ಸೇವೆಯಾಗಿ ಮಾಡಿಕೊಡಲಿ ಎಂಬ ಸಲಹೆ ಸಹಜವಾಗಿಯೇ ಬಂದಿತು. ಬಡಗಿಗೂ ಬಣ್ಣ ಬಳಿಯುವವನಿಗೂ ದೀಪಾಲಂಕಾರದವನಿಗೂ ದರಪಟ್ಟಿ ತರಿಸಿಕೊಂಡ ಸಭೆಯಲ್ಲಿಯೇ ಈ ಸಲಹೆ ಬಂದದ್ದು. ಹಿರಿಯ ತಾಯಿಯೊಬ್ಬರು ಎದ್ದು, 'ಸ್ವಾಮಿ, ದೇವರಿಗೆ ಕೊಡೋದಕ್ಕೆ ನಮಗೆ ಬೇಜಾರಿಲ್ಲ. ಆದರೆ ಕೊಡ್ತೀವಿ ಅಂತ ನಾವು ಹೇಳಬೇಕು, ಕೊಡ್ತಾರೆ ಅಂತ ಬೇರೆಯವರು ಹೇಳಬಾರದು' ಎಂದರು. ವಿಮೋಚನಕಾಂಡದ ವ್ಯಾಖ್ಯಾನವನ್ನು ಇದಕ್ಕಿಂತ ಚೊಕ್ಕವಾಗಿ ನಾನು ಕೇಳಿಲ್ಲ.

ಧರ್ಮಸಭೆಯ ಶಾಸನವೂ ಅವರ ಪರವಾಗಿಯೇ ಇದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1286ನೆಯ ವಿಧಿಯ ಪ್ರಕಾರ ದೇವಾಲಯದ ಸೊತ್ತನ್ನು ನೋಡಿಕೊಳ್ಳುವವರು ಕಾರ್ಮಿಕರ ವಿಷಯದಲ್ಲಿ ನಾಡಿನ ಕಾನೂನನ್ನು ಪಾಲಿಸಬೇಕು; ಒಪ್ಪಂದದ ಮೇಲೆ ದುಡಿಯುವವರಿಗೆ ನ್ಯಾಯವೂ ಮರ್ಯಾದೆಯೂ ಉಳ್ಳ ಕೂಲಿ ಕೊಡಬೇಕು. ಆದುದರಿಂದ ಕಿಟಕಿ ಪರದೆಗಳಿಗೆ ಪೂರ್ಣ ಮಜೂರಿ ಕೊಡುವುದೆಂದೂ, ಪ್ರಸಾದ ಮಂಜೂಷದ ಹೊದಿಕೆ ಮತ್ತು ಬಲಿಪೀಠದ ಹಾಸನ್ನು ಮಾತ್ರ ಯಾರಾದರೂ ತಾವಾಗಿ ಕಾಣಿಕೆಯಾಗಿ ಹೊಲಿದುಕೊಡಲು ಇಚ್ಛಿಸಿದರೆ ಸ್ವೀಕರಿಸುವುದೆಂದೂ ಸಮಿತಿ ತೀರ್ಮಾನಿಸಿತು. ಮಜೂರಿ ಪಡೆದವರು ಅದರಲ್ಲಿ ಕಾಣಿಕೆ ಪೆಟ್ಟಿಗೆಗೆ ಏನು ಹಾಕುತ್ತಾರೆಂಬುದನ್ನು ಯಾರೂ ವಿಚಾರಿಸಬಾರದೆಂದು ನಾನು ಸೇರಿಸಿದೆ.

ತೀರ್ಮಾನವಾದ ಮೇಲೆ ಮಜೂರಿ ಎಷ್ಟು ಎಂಬ ಪ್ರಶ್ನೆ ಉಳಿಯಿತು. ಇದಕ್ಕಾಗಿ ತಾಯಂದಿರೊಡನೆ ಕುಳಿತು ಲೆಕ್ಕ ಹಾಕಿದೆವು. ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಗಿರಾಕಿಗಳಾದ ನಾವೂ ತಿಳಿದಿರುವುದು ಒಳ್ಳೆಯದು. ಪರದೆಯನ್ನು ಅಳೆಯುವುದು ಕಿಟಕಿಯಿಂದಲ್ಲ, ಸರಳಿನಿಂದ. ಒಂದೂವರೆ ಮೀಟರ್ ಸರಳಿಗೆ ಒಂದೂವರೆ ಮೀಟರ್ ಬಟ್ಟೆ ಹಾಕಿದರೆ ಅದು ಹಾಸಿದ ದುಪ್ಪಟಿಯಂತೆ ನಿಲ್ಲುತ್ತದೆ; ನೆರಿಗೆ ಬೀಳಬೇಕಾದರೆ ಕಡಿಮೆಯೆಂದರೂ ಎರಡರಷ್ಟು, ತೆಳು ಬಟ್ಟೆಯಾದರೆ ಎರಡೂವರೆಯಷ್ಟು ಬೇಕು. ಎರಡರಷ್ಟೆಂದರೆ 3 ಮೀಟರ್. ಬಟ್ಟೆಯ ಪನ್ನ 1.2 ಮೀಟರ್ ಆದರೆ ಎರಡೂವರೆ ಪನ್ನವಾಗುತ್ತದೆ. ಅರ್ಧ ಪನ್ನವನ್ನು ಅಂಗಡಿಯವನು ಕೊಡುವುದಿಲ್ಲವಾದುದರಿಂದ ಮೂರು ಪನ್ನ. ತೂಗುವ ಎತ್ತರ ಒಂದೂವರೆ ಮೀಟರ್. ಮೇಲಿನ ಮಡಿಕೆಗೂ ಕೆಳಗಿನ ಇಮ್ಮಡಿ ಮಡಿಕೆಗೂ ಸೇರಿ 30 ಸೆಂಟಿಮೀಟರ್ ಬಿಡಬೇಕು. ಪನ್ನಕ್ಕೆ 1.8 ಮೀಟರ್, ಮೂರಕ್ಕೆ 5.4 ಮೀಟರ್. ಬಟ್ಟೆಯಲ್ಲಿ ದೊಡ್ಡ ಹೂವಿನ ಚಿತ್ರವಿದ್ದರೆ ಪನ್ನದಿಂದ ಪನ್ನಕ್ಕೆ ಹೂವು ಕೂಡಿಬರಲು ಇನ್ನಷ್ಟು ಬೇಕಾಗುತ್ತದೆ. ಒಂದೇ ಒಂದು ಕತ್ತರಿ ಅಡ್ಡಹೋದರೆ ಗಿರಾಕಿಯ ಬಟ್ಟೆ ಹಾಳು. ಆ ಹೊಣೆಯೂ ಹೊಲಿಯುವವಳದೇ.

ಇನ್ನು ತಾಸಿನ ಲೆಕ್ಕ. ಮನೆಗೆ ಹೋಗಿ ಅಳೆದು ಬರಲು ಒಂದು ತಾಸು. ನೆಲದ ಮೇಲೆ ಹಾಸಿ, ಎಳೆ ನೇರಮಾಡಿ ಕತ್ತರಿಸಲು ಒಂದು ತಾಸು. ಪನ್ನ ಜೋಡಿಸಿ, ಪಕ್ಕ ಮಡಿಸಿ, ಮೇಲೆ ಪಟ್ಟಿಯಿಟ್ಟು ನೆರಿಗೆ ಹಿಡಿಯಲು ಮೂರು ತಾಸು. ಇಸ್ತ್ರಿ ಹಾಕಿ, ಒಯ್ದು, ತೂಗುಹಾಕಲು ಒಂದು ತಾಸು. ಒಟ್ಟು ಆರು. ಅಸ್ತರು ಕೊಡುವುದಾದರೆ ಇನ್ನೂ ಹೆಚ್ಚು. ಕುಶಲ ಕೆಲಸಗಾರನ ಎಂಟು ತಾಸಿನ ಕೂಲಿ 600 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ ತಾಸಿಗೆ 75, ಆರು ತಾಸಿಗೆ 450. ದಾರ, ಪಟ್ಟಿ, ಸೂಜಿ, ವಿದ್ಯುತ್ತು, ಯಂತ್ರದ ಸವಕಳಿಗೆ 60 ಎಂದಿಟ್ಟರೆ ಒಟ್ಟು 510 ರೂಪಾಯಿ. ಈಗ ಗಿರಾಕಿಯು ಜೋಡಿಯಲ್ಲಿ ಒಂದೊಂದು ಪರದೆಗೆ ನೂರರಂತೆ 200 ಕೊಟ್ಟರೆಂದು ಭಾವಿಸಿ. ಖರ್ಚಿನ 60 ಕಳೆದು ಉಳಿದದ್ದು 140. ಆರು ತಾಸಿಗೆ ಹಂಚಿದರೆ ತಾಸಿಗೆ 23 ರೂಪಾಯಿ ಚಿಲ್ಲರೆ. ಮೇಹ್ಯೂ ಇಂದು ಬಂದಿದ್ದರೂ ಇದೇ ಕಳೆಯುವ ಲೆಕ್ಕವನ್ನೇ ಬರೆದುಕೊಳ್ಳುತ್ತಿದ್ದನು. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಹೊಲಿಯುವ ತಾಯಂದಿರಲ್ಲಿಯೇ ಕೆಲವರು ಅಚ್ಚರಿಪಟ್ಟರು. ಅಳೆಯಲು ಹೋಗಿಬರುವ ತಾಸನ್ನೂ ತೂಗುಹಾಕುವ ತಾಸನ್ನೂ ಅವರು ದುಡಿಮೆಯೆಂದು ಎಣಿಸಿಯೇ ಇರಲಿಲ್ಲ.

ಇನ್ನು ಮುಂಗಡದ ವಿಷಯ. ಬಟ್ಟೆ ಗಿರಾಕಿಯದೇ ಆದರೂ ದಾರಕ್ಕೂ ಪಟ್ಟಿಗೂ ಮೊದಲೇ ಹಣ ಪಡೆಯುವುದು, ಉಳಿದದ್ದನ್ನು ಪರದೆ ತೂಗಿದ ದಿನವೇ ಪಡೆಯುವುದು ಎಂದು ಅವರು ತಮ್ಮೊಳಗೆ ಒಪ್ಪಿಕೊಂಡಿದ್ದಾರೆ. ಬಡ ನೆರೆಯವರಿಗೆ ದರ ಇಳಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೆ ಒಬ್ಬಳ ಗಿರಾಕಿಯನ್ನು ಸೆಳೆಯುವುದಕ್ಕಾಗಿ ಇನ್ನೊಬ್ಬಳು ದರ ಇಳಿಸಬಾರದೆಂಬ ಮಾತೂ ಆಯಿತು. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮುಂದಿನ ಮದುವೆಯ ಕಾಲ ತೋರಿಸಲಿದೆ. ತಾಸಿನ ಆಧಾರದ ಮೇಲೆ ಸಿದ್ಧವಾದ ದರಪಟ್ಟಿಯನ್ನು ಸಭಾಭವನದ ಸೂಚನಾ ಫಲಕದಲ್ಲಿ ಹಾಕಲಾಗಿದೆ. ಹಳೆಯ ಪರದೆಯನ್ನು ಬಿಚ್ಚಿ ಹೊಸ ಅಳತೆಗೆ ಹೊಲಿಯುವ ಕೆಲಸದ ಮುಂದೆ ಮಾತ್ರ ಇನ್ನೂ ದರ ಬರೆದಿಲ್ಲ. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆಂದು ಅವರ ವಾದ, ಆ ಹೊತ್ತನ್ನು ಇನ್ನೂ ಯಾರೂ ಗಡಿಯಾರ ಹಿಡಿದು ನೋಡಿಲ್ಲ.